ಮೂರು ಕ್ಯಾಮೆರಾ, ಒಂದು ಗಟ್ಟಿಮೇಳ

ಒಂದೇ ಮದುವೆಯನ್ನು ಇಬ್ಬರು ನೋಡಿದ ಉದಾಹರಣೆ ಈ ಜಗತ್ತಿನಲ್ಲಿ ಇಲ್ಲವೆಂಬುದು ನನ್ನ ಸಿದ್ಧಾಂತ. ಹೆಣ್ಣಿನ ಕಡೆಯವರು ನೋಡಿದ ಮದುವೆಯಲ್ಲಿ ಸಾರಿಗೆ ಉಪ್ಪು ಹದವಾಗಿಯೇ ಇರುತ್ತದೆ. ಗಂಡಿನ ಕಡೆಯವರು ನೋಡಿದ ಮದುವೆಯಲ್ಲಿ ಅವರ ಪಂಕ್ತಿಗೆ ಸಾರೇ ಬಂದಿರುವುದಿಲ್ಲ. ಪುರೋಹಿತರು ನೋಡಿದ ಮದುವೆಯಲ್ಲಿ ಮುಹೂರ್ತ ಎಂದೂ ಮೀರುವುದಿಲ್ಲ. ಮದುಮಗನಂತೂ ಪಾಪ, ಹೊಗೆಯನ್ನು ಬಿಟ್ಟು ಬೇರೇನನ್ನೂ ನೋಡಿರುವುದಿಲ್ಲ. ಹೀಗೆ ಬೇರೆ ಬೇರೆ ಕಣ್ಣುಗಳಲ್ಲಿ ನಡೆದ ಬೇರೆ ಬೇರೆ ಮದುವೆಗಳನ್ನು ಒಂದಕ್ಕೊಂದು ಹೊಲಿದು, ‘ಆ ದಿನ ನಡೆದದ್ದು ಇದೇ’ ಎಂದು ಮುದ್ರೆ ಒತ್ತಿ ಕೊಡುವ ಕೆಲಸವನ್ನು ನಾನು ಕೆಲವು ವರ್ಷ ಮಾಡಿದ್ದೇನೆ. ಅದಕ್ಕೆ ವಿಡಿಯೋ ಎಡಿಟಿಂಗ್ ಎಂದು ಹೆಸರು. ಮಾಡದಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ. ಆದರೆ ಮಾಡದಿದ್ದರೆ ಚೆನ್ನಾಗಿತ್ತು ಎನ್ನುವುದು ಗೊತ್ತಾಗಬೇಕಾದರೂ ಒಮ್ಮೆ ಮಾಡಿ ನೋಡಲೇಬೇಕಲ್ಲ!

ಈ ಕೆಲಸಕ್ಕೆ ನಾನು ಇಳಿದದ್ದು ದುರಾಸೆಯಿಂದಲ್ಲ, ಬೇಸರದಿಂದ. ಠಾಣೆ ಜಿಲ್ಲೆಯ ಮಹಾಪೆಯ ಒಂದು ಕಾರ್ಖಾನೆಯಲ್ಲಿ ನಾನು ತಪಾಸಣೆ ವಿಭಾಗದಲ್ಲಿದ್ದೆ. ಕಬ್ಬಿಣದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಮುಖ ಗಂಟುಹಾಕಿಕೊಂಡು ವಾಪಸು ಕಳಿಸುವುದು ನನ್ನ ಕರ್ತವ್ಯ. ಒಂದು ದಿನ ಕಂಪನಿಯವರು ನನ್ನನ್ನೇ ಅಳೆದು ನೋಡಿ, ಸ್ವಯಂ ನಿವೃತ್ತಿಯ ಕಾಗದ ಕೈಗಿತ್ತು ಡೊಂಬಿವಲಿಯ ಮನೆಗೆ ವಾಪಸು ಕಳಿಸಿದರು. ಮನೆಯಲ್ಲಿ ಕುಳಿತವನಿಗೆ ಅಳೆಯಲು ಏನಾದರೂ ಬೇಕಲ್ಲ. ಒಂದು ಕಂಪ್ಯೂಟರು ಕೊಂಡು, ನೆಂಟರಿಷ್ಟರ ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವುದನ್ನು ಕಲಿತೆ. ನನ್ನ ಹೆಂಡತಿ ವಸಂತಿ ಮೊದಲ ದಿನವೇ ಎಚ್ಚರಿಸಿದ್ದಳು. “ಕಬ್ಬಿಣ ಆದ್ರೆ ಬಾಯಿ ಬಿಟ್ಟು ಮಾತಾಡುದಿಲ್ಲ. ಜನರ ಹತ್ರ ನಿಮ್ಮ ಅಳತೆ ಎಲ್ಲ ತರಬೇಡಿ ಆಯ್ತಾ?” ನಾನು ನಕ್ಕುಬಿಟ್ಟೆ. ಹೆಂಡತಿಯ ಮಾತಿಗೆ ನಕ್ಕ ಸಂದರ್ಭಗಳನ್ನೆಲ್ಲ ಒಟ್ಟು ಮಾಡಿದರೆ ನನ್ನ ಆತ್ಮಕಥೆ ತಾನಾಗಿಯೇ ಸಿದ್ಧವಾಗುತ್ತದೆ.

ಒಂದೇ ಕ್ಯಾಮೆರಾ ಇರುವ ಮದುವೆ ಸುಲಭ. ಅದು ನೋಡಿದ್ದೇ ವೇದವಾಕ್ಯ. ಎರಡೋ ಮೂರೋ ಇದ್ದರೆ ಅವೆಲ್ಲವನ್ನೂ ಒಂದೇ ಕಾಲಕ್ಕೆ ತರಬೇಕು. ಇಲ್ಲವಾದರೆ ಒಂದರಲ್ಲಿ ಮದುಮಗ ತಾಳಿ ಕಟ್ಟಲು ಕೈ ಎತ್ತುತ್ತಾನೆ, ಇನ್ನೊಂದಕ್ಕೆ ಹೋದರೆ ಅವನು ಆಗಲೇ ಕರವಸ್ತ್ರದಲ್ಲಿ ಬೆವರು ಒರೆಸುತ್ತಿರುತ್ತಾನೆ. ಸಿನಿಮಾದವರು ಇದಕ್ಕೆ ಒಂದು ಹಲಗೆಯನ್ನು ಟಪ್ಪೆಂದು ಬಡಿಯುತ್ತಾರಂತೆ. ಆ ಸದ್ದು ಎಲ್ಲ ಕ್ಯಾಮೆರಾಗಳಲ್ಲೂ ದಾಖಲಾಗುತ್ತದೆ. ಆಮೇಲೆ ಸದ್ದಿಗೆ ಸದ್ದು ಕೂಡಿಸಿದರಾಯಿತು. ನಮ್ಮ ಪಕ್ಕದೂರು ಕಲ್ಯಾಣದ ಒಂದು ಮದುವೆಯಲ್ಲಿ ನಾನೂ ಈ ಶಾಸ್ತ್ರೋಕ್ತ ಕ್ರಮವನ್ನು ಅನುಸರಿಸಲು ಹೋಗಿ, ಮಂಟಪದ ಮುಂದೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿದೆ. ಒಬ್ಬ ತಟ್ಟಿದ ಮೇಲೆ ತಾವು ಸುಮ್ಮನಿರುವುದು ಸಭ್ಯತೆಯಲ್ಲವೆಂದು ಮುಂದಿನ ಸಾಲಿನವರೂ ತಟ್ಟಿದರು. ಸಭಾಂಗಣವಿಡೀ ಕರತಾಡನ. ಪುರೋಹಿತರು ಮಂತ್ರವನ್ನು ಅರ್ಧಕ್ಕೆ ನುಂಗಿಕೊಂಡರು. ಹಿಂದೆಲ್ಲೋ ಮೊಸರಿನ ಲೆಕ್ಕ ನೋಡುತ್ತಿದ್ದ ವಧುವಿನ ತಂದೆ, ಮಾಂಗಲ್ಯ ಮುಗಿದೇ ಹೋಯಿತೆಂದು ಓಡಿಬಂದು ಅಳತೊಡಗಿದರು. ಅವರನ್ನು ಸಮಾಧಾನಪಡಿಸಿ, ನಿಜವಾದ ಮುಹೂರ್ತಕ್ಕೆ ಮತ್ತೊಮ್ಮೆ ಅಳಬೇಕಾಗುತ್ತದೆ ಎಂದು ತಿಳಿಸಿ ಹೇಳಬೇಕಾಯಿತು.

ಅಂದಿನಿಂದ ನಾನು ಚಪ್ಪಾಳೆಯನ್ನು ತ್ಯಜಿಸಿ ಗಟ್ಟಿಮೇಳಕ್ಕೆ ಶರಣಾದೆ. ನಮ್ಮ ಹಿರಿಯರು ಎಷ್ಟು ದೂರದೃಷ್ಟಿಯವರೆಂದರೆ, ಕ್ಯಾಮೆರಾ ಹುಟ್ಟುವ ನೂರಾರು ವರ್ಷ ಮೊದಲೇ ಕ್ಯಾಮೆರಾ ಹೊಂದಿಸುವ ಉಪಾಯ ಮಾಡಿಟ್ಟಿದ್ದರು. ತಾಳಿ ಕಟ್ಟುವ ಗಳಿಗೆಗೆ ಯಾರೋ ಬೆರಳೆತ್ತುತ್ತಾರೆ, ಡೋಲು ನಾಗಸ್ವರ ಒಮ್ಮೆಲೇ ಹುಚ್ಚೆದ್ದು ಮೊರೆಯುತ್ತವೆ. ಕಂಪ್ಯೂಟರಿನ ಪರದೆಯ ಮೇಲೆ ಆ ಸದ್ದು ಒಂದು ಗುಡ್ಡದ ಹಾಗೆ ಎದ್ದು ನಿಲ್ಲುತ್ತದೆ. ಒಂದು ಕ್ಯಾಮೆರಾದ ಗುಡ್ಡದ ಕೆಳಗೆ ಇನ್ನೊಂದರ ಗುಡ್ಡವನ್ನು ಎಳೆದು ತಂದು ನೇರಕ್ಕೆ ನಿಲ್ಲಿಸಿದರೆ ಮುಗಿಯಿತು, ಅಲ್ಲಿಂದ ಹಿಂದೆಯೂ ಮುಂದೆಯೂ ಎಲ್ಲರ ಕಾಲ ಒಂದೇ. ಈ ಉಪಾಯ ಕಂಡುಹಿಡಿದ ದಿನ ನಾನು ವಸಂತಿಗೆ ಸುಮಾರು ಹೊತ್ತು ವಿವರಿಸಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, “ಹಾಗಾದ್ರೆ ಹಾಲು ತರ್ಲಿಕ್ಕೆ ಈಗ ಹೋಗ್ತೀರೋ, ಗಟ್ಟಿಮೇಳ ಆದ ಮೇಲೋ?” ಎಂದಳು.

ಇಷ್ಟು ಪೀಠಿಕೆ ಯಾಕೆಂದರೆ, ಮುಂದೆ ಹೇಳುವುದು ವಸಂತಿಯ ಅಕ್ಕ ಪದ್ಮಕ್ಕನ ಮಗಳು ಶ್ರುತಿಯ ಮದುವೆಯ ವಿಷಯ. ಮದುವೆ ನಡೆದದ್ದು ಡೊಂಬಿವಲಿಯ ಒಂದು ಸಭಾಂಗಣದಲ್ಲಿ. ಹುಡುಗ ಬಾಗಲಕೋಟೆ ಕಡೆಯವರ ಮಗ, ಕಲ್ಯಾಣದಲ್ಲೇ ಹುಟ್ಟಿ ಬೆಳೆದವನು. ಅಂದು ಮೂರು ಕ್ಯಾಮೆರಾಗಳಿದ್ದವು. ಮೊದಲನೆಯದು ಬಾಡಿಗೆಗೆ ಬಂದ ಸಾವಂತ ಎಂಬವನದು, ಮಂಟಪಕ್ಕೇ ಗುರಿಯಿಟ್ಟದ್ದು. ಎರಡನೆಯದು ಪದ್ಮಕ್ಕನ ಮೈದುನ ಶಾರ್ಜಾದಿಂದ ತಂದದ್ದು. ಅದು ಇನ್ನೂ ಶಾರ್ಜಾದ ಗಡಿಯಾರದಲ್ಲೇ ಇದ್ದುದರಿಂದ ಅದರ ಪ್ರಕಾರ ಮದುವೆ ಮುಹೂರ್ತಕ್ಕಿಂತ ಒಂದೂವರೆ ಗಂಟೆ ಮೊದಲೇ ಮುಗಿದಿತ್ತು. ಮೂರನೆಯದು ನನ್ನದು. ಬ್ಯಾಟರಿ ಬದಲಾಯಿಸಿದಾಗೆಲ್ಲ ಅದು ಜನವರಿ ಒಂದನೇ ತಾರೀಕಿನಿಂದ ಹೊಸ ಜೀವನ ಆರಂಭಿಸುತ್ತಿತ್ತು. ಸಾವಂತನ ಗಡಿಯಾರವಾದರೂ ನೆಟ್ಟಗಿದೆಯೇ ಎಂದು ವಿಚಾರಿಸಿದೆ. “ಅಂಕಲ್, ಶಾದಿ ಮೇ ಘಡೀ ಕೌನ್ ದೇಖತಾ ಹೈ?” ಎಂದ. ಅವನ ಮಾತೂ ನಿಜ. ಗಡಿಯಾರ ನೋಡುವವರು ಮದುವೆಗೆ ಹೋಗುವುದಿಲ್ಲ.

ಆ ಮದುವೆಯಲ್ಲಿ ಒಂದು ಅವಘಡ ನಡೆಯಿತು. ಪದ್ಮಕ್ಕನಿಗೂ ವಸಂತಿಗೂ ಒಬ್ಬನೇ ಅಣ್ಣ, ಜನಾರ್ದನ ಭಾವ. ಮಾಜಿವಾಡಾದಲ್ಲಿ ಅವರದೊಂದು ಸಣ್ಣ ಹೋಟೆಲು. ತಂದೆ ತೀರಿಹೋದ ಮೇಲೆ ತಂಗಿಯರಿಬ್ಬರ ಪಾಲಿಗೆ ತವರುಮನೆ ಎಂದರೆ ಈ ಮನುಷ್ಯನೇ. ಶ್ರುತಿಯ ಕೈಹಿಡಿದು ಮಂಟಪಕ್ಕೆ ಕರೆತಂದವರೂ ಅವರೇ, ಸೋದರಮಾವ. ಧಾರೆ, ಮಾಂಗಲ್ಯ ಎಲ್ಲ ಮುಗಿದು, ತವರಿನವರೆಲ್ಲ ವೇದಿಕೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವ ಹೊತ್ತಿಗೆ ಜನಾರ್ದನ ಭಾವ ಮಾತ್ರ ಕೆಳಗೆ ಮುಂದಿನ ಸಾಲಿನ ಕುರ್ಚಿಯಲ್ಲೇ ಉಳಿದರು. ಫೋಟೋ ಅವರಿಲ್ಲದೆಯೇ ಆಯಿತು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಕುರ್ಚಿಯೂ ಖಾಲಿ. ಊಟ ಮಾಡದೆ ಹೊರಟುಹೋಗಿದ್ದರು. ನಮ್ಮ ಕಡೆ ಮದುವೆಗೆ ಬಾರದಿದ್ದರೆ ಕ್ಷಮೆ ಇದೆ. ಬಂದು, ಎಲೆಯ ಮುಂದೆ ಕೂರದೆ ಹೋದರೆ ಅದು ಯುದ್ಧಘೋಷಣೆ.

ಪದ್ಮಕ್ಕ ಹೇಳುವುದು: “ನಾನು ಸ್ಟೇಜಿನ ಮೇಲಿಂದ ಕೈ ಮಾಡಿ ಕರೆದಿದ್ದೇನೆ. ಅಣ್ಣ ಬರ್ಲಿಲ್ಲ. ಎಲ್ಲರೆದುರು ನನ್ನ ಮರ್ಯಾದೆ ತೆಗೆದ.” ಜನಾರ್ದನ ಭಾವ ಹೇಳುವುದು: “ಒಬ್ಬರಾದ್ರೂ ಕರೆದಿದ್ರೆ ನಾನು ಕೂತಿರ್ತಿದ್ನಾ? ಕೂರ್ಲಿಕ್ಕೆ ನನಗೆ ಹೋಟೆಲಿನಲ್ಲಿ ಕುರ್ಚಿ ಇಲ್ವಾ?” ವಿಶೇಷವೆಂದರೆ ಇಬ್ಬರಲ್ಲೂ ಸಾಕ್ಷ್ಯವಿತ್ತು. ಸಾವಂತನ ಕ್ಯಾಮೆರಾದಲ್ಲಿ ಪದ್ಮಕ್ಕ ಕೈ ಎತ್ತಿ ಕರೆಯುವುದು ಸ್ಪಷ್ಟವಾಗಿತ್ತು. ಆದರೆ ಅದು ಮಂಟಪವನ್ನು ಮಾತ್ರ ನೋಡುತ್ತಿತ್ತು. ಶಾರ್ಜಾದವನು ಫೋಟೋಗೆ ತಾನೂ ನಿಲ್ಲಬೇಕೆಂದು ತನ್ನ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಬಿಟ್ಟು ಓಡಿದ್ದ. ಅದು ತಾನಾಗಿಯೇ ಮುಂದಿನ ಸಾಲನ್ನು ನೋಡುತ್ತ ನಿಂತಿತ್ತು. ಅದರಲ್ಲಿ ಜನಾರ್ದನ ಭಾವ ಒಂಟಿಯಾಗಿ ಕುಳಿತಿರುವುದು ಬಹಳ ಹೊತ್ತು ಕಾಣುತ್ತದೆ. ಯಾರೂ ಹತ್ತಿರ ಬಂದು ಕರೆದದ್ದು ಕಾಣುವುದಿಲ್ಲ. ಪದ್ಮಕ್ಕ ಮನೆಗೆ ಬಂದವರಿಗೆ ಸಾವಂತನ ತುಣುಕನ್ನು ತೋರಿಸುತ್ತಿದ್ದಳು. ಭಾವ ಶಾರ್ಜಾದ ತುಣುಕನ್ನು ತರಿಸಿಕೊಂಡು ಹೋಟೆಲಿನ ಟಿ.ವಿ.ಯಲ್ಲಿ ಹಾಕುತ್ತಿದ್ದರು. ಠಾಣೆ ಜಿಲ್ಲೆಯಲ್ಲಿ ಹೀಗೆ ಎರಡು ನ್ಯಾಯಾಲಯಗಳು ಏಕಕಾಲಕ್ಕೆ ನಡೆದವು. ಎರಡರಲ್ಲೂ ತೀರ್ಪು ವಾದಿಯ ಪರವಾಗಿಯೇ ಬರುತ್ತಿತ್ತು. ವಸಂತಿಗೆ ಇತ್ತ ಅಕ್ಕ, ಅತ್ತ ಅಣ್ಣ. ಅವಳು ಎರಡೂ ಕಡೆ ತಲೆಯಾಡಿಸಿ, ಮನೆಗೆ ಬಂದು ಆ ಸಿಟ್ಟನ್ನು ನನ್ನ ಮೇಲೆ ತೀರಿಸುತ್ತಿದ್ದಳು.

ಮೂರೂ ಕ್ಯಾಮೆರಾಗಳನ್ನು ಕೂಡಿಸಿ ಪೂರ್ಣ ಮದುವೆಯ ವಿಡಿಯೋ ಮಾಡಿಕೊಡುವ ಹೊಣೆ ನನ್ನದಾಗಿತ್ತು. ನಾನು ಮುಂದೂಡುತ್ತ ಎರಡು ವರ್ಷ ಕಳೆದೆ. ಶುಕ್ರವಾರ ಕರೆಂಟಿಲ್ಲ ಎಂದೆ, ಕಂಪ್ಯೂಟರಿಗೆ ಜ್ವರ ಎಂದೆ. ನಿಜ ಹೇಳಬೇಕೆಂದರೆ ಆ ಫೋಟೋದ ಭಾಗಕ್ಕೆ ಬಂದಾಗೆಲ್ಲ ಕೈ ತಡೆಯುತ್ತಿತ್ತು. ಒಮ್ಮೆ ಕಲ್ಯಾಣ ಸ್ಟೇಷನ್ನಿನಲ್ಲಿ ಬೀಗರು ಸಿಕ್ಕರು. “ಏನ್ರೀ ಸಾಹೇಬ್ರ, ನಮ್ಮ ಮನ್ಯಾಗ ಕೂಸು ಬರೂ ಹೊತ್ತಾತು, ಮದುವಿ ಸೀಡಿ ಇನ್ನೂ ಬರವಲ್ದಲ್ರೀ? ಕೂಸಿನ ಕೂದಲ ತಗಸೂ ಜಾವಳಕ್ಕ ಎರಡೂ ಸೀಡಿ ಕೂಡೇ ಕೊಡಾವ್ರೇನ್ ಮತ್ತ?” ಎಂದು ಪ್ಲಾಟ್‌ಫಾರ್ಮಿಗೆಲ್ಲ ಕೇಳುವಂತೆ ನಕ್ಕರು. ಶ್ರುತಿ ಬಸುರಿಯೆಂಬ ಸುದ್ದಿ ನನಗೆ ತಲುಪಿದ್ದು ಹೀಗೆ, ಲೋಕಲ್ ಗಾಡಿಯ ಪ್ರಕಟಣೆಯ ಜೊತೆಗೆ.

ಸೀಮಂತದ ದಿನ ಗೊತ್ತಾಯಿತು. ಸೋದರಮಾವನಿಲ್ಲದೆ ಸೀಮಂತ ಹೇಗೆ? ಪದ್ಮಕ್ಕ, “ತಪ್ಪು ಮಾಡಿದವ ಅವನು, ನಾನು ಹೋಗಿ ಕರೀಲಿಕ್ಕಿಲ್ಲ” ಎಂದಳು. ಭಾವ, “ಮನೆಗೆ ಬಂದು ಕರೀದೆ ನಾನು ಹೋಗ್ಲಿಕ್ಕಿಲ್ಲ” ಎಂದರು. ಶ್ರುತಿ ನನಗೆ ಫೋನು ಮಾಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಸಿಟ್ಟು ಬಂದಾಗ ಮಾತ್ರ ನಾಲಗೆ ಮರಾಠಿಗೆ ಹೋಗುತ್ತದೆ. “ಚಿಕ್ಕಪ್ಪ, ಮಾಮಾ ಆಲೇ ನಾಹೀತ್ ತರ್ ಮೀ ಬಸಣಾರಚ್ ನಾಹೀ!” ಮಾಮ ಬಾರದಿದ್ದರೆ ತಾನು ಸೀಮಂತದ ಮಣೆಯ ಮೇಲೆ ಕೂರುವುದೇ ಇಲ್ಲವಂತೆ. ಆಮೇಲೆ ದನಿ ಇಳಿಸಿ, “ತುಮ್ಹೀಚ್ ಕಾಹೀತರೀ ಕರಾ ನಾ, ನೀವೇ ಏನಾದ್ರೂ ಮಾಡಿ. ನೀವು ವಿಡಿಯೋ ಎಕ್ಸ್‌ಪರ್ಟ್ ಅಲ್ವಾ?” ಎಂದಳು. ಗರ್ಭಿಣಿಯ ಬಯಕೆ ತೀರಿಸಬೇಕೆಂದು ಶಾಸ್ತ್ರವೇ ಹೇಳುತ್ತದೆ. ಕೆಲವರು ಮಾವಿನಕಾಯಿ ಕೇಳುತ್ತಾರೆ, ಇವಳು ಮಾವನನ್ನು ಕೇಳಿದಳು.

ಆಗ ನನ್ನೊಳಗಿನ ತಪಾಸಣಾಧಿಕಾರಿ ಎದ್ದು ಕುಳಿತ. ಎರಡು ಸಾಕ್ಷ್ಯಗಳೂ ಅರ್ಧರ್ಧ. ಅವೆರಡನ್ನೂ ಒಂದೇ ಕಾಲಕ್ಕೆ ತಂದು, ಪರದೆಯನ್ನು ಎರಡು ಭಾಗ ಮಾಡಿ, ಎಡಕ್ಕೆ ತಂಗಿ, ಬಲಕ್ಕೆ ಅಣ್ಣ ಎಂದು ಇಟ್ಟರೆ, ಅವಳು ಕರೆದ ಗಳಿಗೆಯಲ್ಲಿ ಅವನು ಯಾವ ಕಡೆ ನೋಡುತ್ತಿದ್ದ ಎನ್ನುವುದು ಸ್ಫಟಿಕದಷ್ಟು ಸ್ಪಷ್ಟವಾಗುತ್ತದೆ. ಅವನು ಬೇರೆ ಕಡೆ ನೋಡುತ್ತಿದ್ದರೆ ಇಬ್ಬರೂ ನಿರ್ದೋಷಿಗಳು. ಅವಳು ಕರೆದದ್ದೂ ನಿಜ, ಇವನಿಗೆ ಗೊತ್ತಾಗದ್ದೂ ನಿಜ. ಹಾಗೆಯೇ ಇರುತ್ತದೆಂದು ನನಗೆ ಪೂರ್ಣ ಭರವಸೆ. ಮಧ್ಯಾಹ್ನ ವಸಂತಿ ಮಲಗಿದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಸಾವಂತನ ಗುಡ್ಡದ ಕೆಳಗೆ ಶಾರ್ಜಾದ ಗುಡ್ಡವನ್ನು ತಂದು ನಿಲ್ಲಿಸಿದೆ. ಗಟ್ಟಿಮೇಳಕ್ಕೆ ಗಟ್ಟಿಮೇಳ, ಡೋಲಿಗೆ ಡೋಲು ಕೂಡಿಕೊಂಡಿತು. ಅಷ್ಟು ಚೊಕ್ಕವಾಗಿ ಕೂಡಿದ್ದು ನನ್ನ ಬಾಳಿನಲ್ಲಿ ಮತ್ತೊಂದಿಲ್ಲ. ಅಲ್ಲಿಂದ ಮುಂದಕ್ಕೆ ಓಡಿಸಿ ಫೋಟೋದ ಹೊತ್ತಿಗೆ ಬಂದೆ.

ಎಡಗಡೆ ಪದ್ಮಕ್ಕ ಕೈ ಎತ್ತಿ ಕರೆದಳು. ಬಲಗಡೆ ಜನಾರ್ದನ ಭಾವ ನೇರವಾಗಿ ಅವಳನ್ನೇ ನೋಡುತ್ತಿದ್ದರು.

ಸಂದೇಹಕ್ಕೆ ಜಾಗವೇ ಇರಲಿಲ್ಲ. ಕರೆದದ್ದನ್ನು ಕಂಡು ಮುಖ ಅರಳಿತು. ತುಟಿಯ ತುದಿಯಲ್ಲಿ ನಗುವೂ ಬಂತು. ಮರುಗಳಿಗೆಯಲ್ಲಿ ತಲೆ ತಗ್ಗಿಸಿ, ಹೆಗಲ ಮೇಲಿನ ಶಾಲನ್ನು ಸರಿಮಾಡತೊಡಗಿದರು. ಅಷ್ಟರಲ್ಲಿ ಎಡಗಡೆ ಯಾರೋ ಪದ್ಮಕ್ಕನ ಸೆರಗು ಹಿಡಿದು ಏನೋ ಕೇಳಿದರು, ಅವಳು ಅತ್ತ ತಿರುಗಿದಳು. ಬಲಗಡೆ ಭಾವ ಮತ್ತೆ ತಲೆಯೆತ್ತಿದರು, ಅವಳು ನೋಡುತ್ತಿರಲಿಲ್ಲ. ಇನ್ನೂ ಕೆಲವು ಸೆಕೆಂಡು ಕಳೆದ ಮೇಲೆ ಚೌಕಳಿ ಅಂಗಿ ಹಾಕಿದ ಒಂದು ವಿಶಾಲವಾದ ಬೆನ್ನು ಕ್ಯಾಮೆರಾಕ್ಕೆ ಅಡ್ಡ ಬಂದು, ಭಾವನನ್ನು ಪೂರ್ತಿ ಮುಚ್ಚಿ, ಊಟದ ಕೋಣೆಯ ಕಡೆಗೆ ಸಾಗಿತು. ಬೆನ್ನು ನನ್ನದೇ. ಅಂಗಿ ವಸಂತಿ ಆರಿಸಿದ್ದು.

ಅದನ್ನೇ ಹಿಂದಕ್ಕೋಡಿಸಿ ಮತ್ತೊಮ್ಮೆ ನೋಡಿದೆ. ಅಂದರೆ ಈ ಮನುಷ್ಯ ಎರಡು ವರ್ಷ ಸುಳ್ಳು ಹೇಳಿದರೇ? ಹೇಳಿದರು, ಆದರೆ ಅದು ಎಂಥ ಸುಳ್ಳೆಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಮೊದಲ ಸಲ ಕರೆಯುವುದು ಕರೆಯಲ್ಲ, ಅದು ಬರೀ ಸೂಚನೆ. ಮೊದಲ ಕರೆಗೇ ಎದ್ದು ಹೋಗುವವನು ಹಸಿದವನೆಂದು ಲೆಕ್ಕ. ಎಲೆಯ ಮುಂದೆ ‘ಬೇಡ’ ಎಂದವನಿಗೆ ಇನ್ನೊಂದು ಸೌಟು ಬಡಿಸದಿದ್ದರೆ ಅವನು ಮನೆಗೆ ಹೋಗಿ, ‘ಕೇಳುವವರೇ ಇರಲಿಲ್ಲ’ ಎನ್ನುತ್ತಾನೆ. ತಗ್ಗಿಸಿದ ತಲೆ, ಸರಿಮಾಡಿದ ಶಾಲು, ಇವೆಲ್ಲ ‘ಇನ್ನೊಮ್ಮೆ ಕರೆ ಮಾರಾಯ್ತಿ’ ಎಂಬುದರ ಕನ್ನಡ ಅನುವಾದ. ಜೀವಮಾನವಿಡೀ ಗಿರಾಕಿಗಳಿಗೆ ‘ಇನ್ನು ಸ್ವಲ್ಪ ಚಟ್ನಿ?’ ಎಂದು ಎರಡೆರಡು ಸಲ ಕೇಳಿದ ಮನುಷ್ಯ ತನ್ನನ್ನೂ ಒಮ್ಮೆ ಎರಡನೆಯ ಸಲ ಕೇಳಲಿ ಎಂದು ಕಾದದ್ದು ಮಹಾಪರಾಧವೇನಲ್ಲ. ಎರಡನೆಯ ಕರೆ ಬರಲಿಲ್ಲ. ಬಾರದ ಎರಡನೆಯ ಕರೆಗೆ ಮುನಿದು ಮೊದಲನೆಯದನ್ನೂ ಇಲ್ಲವೆಂದುಬಿಟ್ಟರು, ಅಷ್ಟೆ. ಆದರೆ ಇದನ್ನು ಹೀಗೆಯೇ ಪದ್ಮಕ್ಕನಿಗೆ ತೋರಿಸಿದರೆ? “ನೋಡಿದ್ರಾ, ನೋಡಿಯೂ ಬರ್ಲಿಲ್ಲ!” ಎಂದು ಅವಳ ನ್ಯಾಯಾಲಯ ಶಾಶ್ವತ ತೀರ್ಪು ಕೊಡುತ್ತಿತ್ತು.

ಕೂದಲೆಳೆಯ ವ್ಯತ್ಯಾಸಕ್ಕೆ ಸಾವಿರಾರು ಬಿಡಿಭಾಗಗಳನ್ನು ಗುಜರಿಗೆ ಕಳಿಸಿದ ನಾನು, ಆ ಮಧ್ಯಾಹ್ನ ಶಾರ್ಜಾದ ಕ್ಯಾಮೆರಾವನ್ನು ಕೆಲವೇ ಕೆಲವು ಸೆಕೆಂಡು ಹಿಂದಕ್ಕೆ ಎಳೆದೆ. ಬೆರಳು ನಡುಗಿತೆಂದು ಬರೆದರೆ ಚೆನ್ನಾಗಿರುತ್ತಿತ್ತು, ನಡುಗಲಿಲ್ಲ. ಈಗ ಎಡಗಡೆ ಪದ್ಮಕ್ಕ ಕೈ ಎತ್ತಿ ಕರೆಯುತ್ತಾಳೆ. ಅದೇ ಗಳಿಗೆಗೆ ಬಲಗಡೆ ಚೌಕಳಿ ಬೆನ್ನು ಬಂದು ಭಾವನನ್ನು ಮುಚ್ಚಿಬಿಡುತ್ತದೆ. ಕರೆದವಳು ಕರೆದಳು, ಕಾಣದವನು ಕಾಣಲಿಲ್ಲ. ನಡುವೆ ನಿಂತ ಪಾಪಿಯೊಬ್ಬನೇ ಅಪರಾಧಿ. ಸದ್ದು ಮಾತ್ರ ಸುಳ್ಳು ಹೇಳಲು ಒಪ್ಪಲಿಲ್ಲ, ಡೋಲು ಎರಡೆರಡು ಸಲ ಕೇಳತೊಡಗಿತು. ಅದರ ಬಾಯಿ ಮುಚ್ಚಿಸಿ, ಮೇಲೆ ಒಂದು ನಾಗಸ್ವರದ ಧ್ವನಿಮುದ್ರಿಕೆಯನ್ನು ಹೊದಿಸಿದೆ.

ಡಿ.ವಿ.ಡಿ. ಹಿಡಿದು ಮೊದಲು ಹೋದದ್ದು ಮಾಜಿವಾಡಾಕ್ಕೆ. ಊಟದ ಗಿರಾಕಿಗಳು ಖಾಲಿಯಾಗಿದ್ದರು. ಭಾವ ಗಲ್ಲಾದಲ್ಲಿ ಕುಳಿತೇ ಟಿ.ವಿ. ನೋಡಿದರು. ತಂಗಿ ಕೈ ಎತ್ತಿದಳು, ಬೆನ್ನು ಬಂತು, ಹೋಯಿತು.

“ಇದು ಯಾರ ಬೆನ್ನು?” ಎಂದರು, ಆ ತುಣುಕನ್ನು ಎಷ್ಟೋ ಸಲ ಹಾಕಿದ್ದರೂ ಈಗಷ್ಟೇ ಕಂಡವರಂತೆ.

“ನನ್ನದೇ ಭಾವ. ನಾನೇ ಅಡ್ಡ ಬಂದದ್ದು. ನಿಮಗೆ ಅವಳು ಕರೆದದ್ದು ಹೇಗೆ ಕಾಣಬೇಕು?”

“ಇನ್ನೊಮ್ಮೆ ಹಾಕಿ.”

ಇನ್ನೊಮ್ಮೆ ಹಾಕಿದೆ. ಈ ಸಲ ಅವರು ಟಿ.ವಿ.ಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಆ ದಿನ ತಾವು ಕಂಡದ್ದು ಏನೆಂದು ಅವರಿಗೆ ಗೊತ್ತು. ನಾನು ಅದನ್ನು ಕಂಡಿದ್ದೇನೆಂಬುದೂ ಆ ಗಳಿಗೆಯಲ್ಲಿ ಗೊತ್ತಾಯಿತು.

“ನಿಮ್ಮ ಬೆನ್ನು ಇಷ್ಟು ಅಗಲ ಉಂಟಂತ ನನಗೆ ಆ ದಿನ ಗೊತ್ತಾಗ್ಲಿಲ್ಲ ನೋಡಿ,” ಎಂದರು ಕೊನೆಗೆ.

“ಬೆನ್ನು ಅಂದ್ರೆ ಹಾಗೆ ಭಾವ. ನಮ್ಮದು ನಮಗೆ ಕಾಣುದಿಲ್ಲ.”

“ಪದ್ಮ ನೋಡಿದ್ಲಾ?”

“ಇನ್ನೂ ಇಲ್ಲ.”

“ಅವಳು ನಿಮ್ಮನ್ನು ಸುಮ್ಮನೆ ಬಿಡ್ಲಿಕ್ಕಿಲ್ಲ ಮಾರಾಯ್ರೆ.” ಆಮೇಲೆ ಕಣ್ಣು ತಪ್ಪಿಸಿ, “ಕಾಫಿ ಕುಡೀತೀರಾ?” ಎಂದರು.

“ಬೇಡ ಭಾವ, ಈಗಷ್ಟೇ ಕುಡಿದು ಬಂದೆ.”

ಅವರು ನನ್ನ ಮಾತಿನ್ನೂ ಮುಗಿಯುವ ಮೊದಲೇ ಒಳಗೆ ಕೂಗಿದರು: “ಒಂದು ಕಾಫಿ ತನ್ನಿ, ಗಟ್ಟಿ ಡಿಕಾಕ್ಷನ್!”

ಪದ್ಮಕ್ಕ ನೋಡಿದ ಮೇಲೆ ನಡೆದದ್ದನ್ನು ಪೂರ್ತಿ ಬರೆಯಲು ನನ್ನ ಅಭಿಮಾನ ಬಿಡುವುದಿಲ್ಲ. “ಅಂಗೈಯಷ್ಟು ಕ್ಯಾಮೆರಾ ಹಿಡ್ಕೊಂಡು ಅಡಿಕೆ ಮೂಟೆಯಷ್ಟು ಬೆನ್ನು ಅಡ್ಡ ಇಟ್ರಲ್ಲ! ನನ್ನ ಅಣ್ಣನಿಗೆ ನಾನು ಎಂತೆಂತ ಹೇಳಿದೆ ಇಷ್ಟು ದಿನ!” ಎಂದು ಅತ್ತಳು, ಅಳುತ್ತಲೇ ನನ್ನ ವಂಶವನ್ನು ವಿಚಾರಿಸಿಕೊಂಡಳು. ಕುಂಕುಮದ ಭರಣಿ ಹಿಡಿದು ಮಾಜಿವಾಡಾಕ್ಕೆ ಅಂದೇ ಹೊರಟಳು. ಎರಡು ಸಲ ಕರೆಯಲು ಹೇಳು, ಸಾಧ್ಯವಾದರೆ ಮೂರು ಸಲ, ಎಂದು ನಾನು ವಸಂತಿಯ ಕಿವಿಯಲ್ಲಿ ಹೇಳಿ ಅವಳನ್ನೂ ಜೊತೆಗೆ ಕಳಿಸಿದೆ. ಸೀಮಂತ ನಡೆಯಿತು. ಶ್ರುತಿ ಮಣೆಯ ಮೇಲೆ ಕೂತಳು. ಜನಾರ್ದನ ಭಾವ ಹಸಿರು ಸೀರೆ ತಂದರು, ತಾವೇ ಪಂಚೆ ಎತ್ತಿ ಕಟ್ಟಿ ಪಾಯಸ ಬಡಿಸಿದರು. ಅಣ್ಣತಂಗಿ ಒಂದೇ ಎಲೆಯಿಂದ ಹಪ್ಪಳ ಮುರಿದು ತಿಂದದ್ದನ್ನು ನಾನು ಕಣ್ಣಾರೆ ಕಂಡೆ. ಕ್ಯಾಮೆರಾ ತೆಗೆದುಕೊಂಡು ಹೋಗಿರಲಿಲ್ಲ. ವಸಂತಿ ಬೀಗ ಹಾಕಿ ಇಟ್ಟಿದ್ದಳು.

ನನ್ನ ಪ್ರತಿಷ್ಠೆ ಮಾತ್ರ ಆ ದಿನಕ್ಕೆ ಮುಗಿಯಿತು. ಐರೋಲಿಯಿಂದ ಕಲ್ಯಾಣದವರೆಗೆ ನಮ್ಮ ಯಾವ ನೆಂಟರ ಮನೆಯ ಸಮಾರಂಭಕ್ಕೆ ಹೋದರೂ ಒಬ್ಬರಲ್ಲ ಒಬ್ಬರು, “ಸ್ವಲ್ಪ ಈಚೆ ಬನ್ನಿ, ಯಾರಿಗಾದ್ರೂ ಕರೀಲಿಕ್ಕೆ ಇದ್ರೆ ಕಷ್ಟ” ಎನ್ನುವರು. ಸಾವಂತನಿಗೂ ಸುದ್ದಿ ಮುಟ್ಟಿ, “ಅಂಕಲ್, ಆಪ್ ತೋ ಫೇಮಸ್ ಹೋ ಗಯೇ” ಎಂದ. ಎಲ್ಲಕ್ಕಿಂತ ಹೆಚ್ಚಾಗಿ, ಜನಾರ್ದನ ಭಾವ ನಾಲ್ಕು ಜನರ ಮುಂದೆ ಉದಾರವಾಗಿ, “ಹೋಗ್ಲಿ ಬಿಡಿ, ಬೇಕಂತ ಮಾಡಿದ್ದಲ್ವಲ್ಲ ಅವರು” ಎಂದು ನನ್ನನ್ನು ಕ್ಷಮಿಸುವುದನ್ನು ಅಭ್ಯಾಸ ಮಾಡಿಕೊಂಡರು. ಕ್ಷಮಿಸುವಾಗ ನನ್ನ ಬೆನ್ನನ್ನು ಮೆಲ್ಲಗೆ ಒಮ್ಮೆ ತಟ್ಟುತ್ತಿದ್ದರು. ಆ ತಟ್ಟಿನ ಅರ್ಥ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ನಾವು ಅದರ ಬಗ್ಗೆ ಒಂದು ಸಲವೂ ಮಾತಾಡಲಿಲ್ಲ. ಮಾತಾಡಬಹುದಿತ್ತು ಎಂದು ಈಗ ಅನಿಸುತ್ತದೆ.

ಕೆಲವು ವರ್ಷಗಳ ಮೇಲೆ ಭಾವ ತೀರಿಕೊಂಡರು. ಮಧ್ಯಾಹ್ನದ ಗಿರಾಕಿಗಳೆಲ್ಲ ಎದ್ದ ಮೇಲೆ, ಗಲ್ಲಾದಲ್ಲಿ ಕೂತಲ್ಲೇ. ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಪದ್ಮಕ್ಕ ನನ್ನ ಬಳಿ ಬಂದು ಕೂತಳು. ಅವಳ ದನಿಯಲ್ಲಿ ಮೊದಲಿನ ಜೋರಿರಲಿಲ್ಲ. “ಅಣ್ಣನದ್ದು ಒಂದು ವಿಡಿಯೋ ಮಾಡಿ ಕೊಡ್ತೀರಾ? ಶ್ರುತಿಯ ಮದುವೆಯಲ್ಲಿ ಅ‍ವನು ಕೂತದ್ದು ಉಂಟಲ್ಲ, ಅದರಲ್ಲಿ ನಿಮ್ಮ ಬೆನ್ನು ತೆಗೀಲಿಕ್ಕೆ ಆಗ್ತದಾ? ಅದರ ಹಿಂದೆ ಅವನ ಮುಖ ಉಂಟು.” ಬೆನ್ನು ತೆಗೆಯಲು ಬರುವುದಿಲ್ಲ, ಅದಕ್ಕೆ ಮೊದಲಿನದು ಇದೆ, ಎಂದೆ. ಮನೆಗೆ ಬಂದು ಶಾರ್ಜಾದ ಕ್ಯಾಮೆರಾದಿಂದ ಆ ತುಣುಕನ್ನು ಮಾತ್ರ ತೆಗೆದೆ: ಭಾವ ವೇದಿಕೆಯನ್ನು ನೋಡುತ್ತಾರೆ, ಮುಖ ಅರಳುತ್ತದೆ, ತುಟಿಯ ತುದಿಯಲ್ಲಿ ನಗು. ತಲೆ ತಗ್ಗಿಸುವ ಮೊದಲೇ ಕತ್ತರಿಸಿದೆ. ಎಡಗಡೆ ಯಾರನ್ನೂ ಇಡಲಿಲ್ಲ. ಪದ್ಮಕ್ಕ ಅದನ್ನು ನೋಡಿ, ಸೆರಗಿನಿಂದ ಕಣ್ಣೊತ್ತಿಕೊಂಡು, “ನೋಡಿ, ನನ್ನನ್ನೇ ನೋಡುವ ಹಾಗೆ ಉಂಟಲ್ವಾ?” ಎಂದಳು. ಹೌದು ಅಕ್ಕ, ಹಾಗೆಯೇ ಉಂಟು, ಎಂದೆ. “ಎರಡು ವರ್ಷ ಸುಮ್ಮನೆ ಹೋಯ್ತು. ನೀವೊಂದು ಸ್ವಲ್ಪ ತಡೆದು ಬರ್ಬಾರ್ದಿತ್ತಾ?” ಎಂದಳು. ನಾನು ತಲೆ ತಗ್ಗಿಸಿದೆ. ಒಪ್ಪಿಕೊಂಡ ತಪ್ಪನ್ನು ವಾಪಸು ಮಾಡಲು ಈಗ ನಿಜ ಗೊತ್ತಿದ್ದ ಇನ್ನೊಬ್ಬರೂ ಉಳಿದಿರಲಿಲ್ಲ.

ಆ ಕೆಲಸಕ್ಕೆ ಕೂತಾಗ ಭಾವನ ಮುಖ ಬೇರೆಲ್ಲಾದರೂ ಇದೆಯೇ ಎಂದು ನನ್ನ ಸ್ವಂತ ಕ್ಯಾಮೆರಾದ ಟೇಪನ್ನೂ ಹಾಕಿ ನೋಡಿದ್ದೆ. ಫೋಟೋದ ಹೊತ್ತಿನ ನನ್ನ ಚಿತ್ರೀಕರಣವನ್ನು ನಾನು ಹಿಂದೆ ಯಾವತ್ತೂ ಹೊಂದಿಸಿರಲಿಲ್ಲ. ಕ್ಯಾಮೆರಾ ನಿಲ್ಲಿಸಲು ಮರೆತು ಕೈಯಲ್ಲಿ ಜೋತುಬಿಟ್ಟುಕೊಂಡು ನಡೆದಿದ್ದೆ. ಬರೀ ನೆಲ, ಬರೀ ಕಾಲು. ಕೆಟ್ಟ ಮಾಲು ಎಂದು ಆಗಲೇ ಗುಜರಿಯ ಲೆಕ್ಕಕ್ಕೆ ಹಾಕಿದ್ದೆ. ಈ ಸಲ ಯಾಕೋ ಅದನ್ನೂ ಗಟ್ಟಿಮೇಳಕ್ಕೆ ಸರಿಯಾಗಿ ಕೂಡಿಸಿದೆ. ನನ್ನ ಎರಡು ಚಪ್ಪಲಿಗಳು ಅವಸರದಲ್ಲಿ ನಡೆಯುತ್ತವೆ. ಮುಂದಿನ ಸಾಲಿನ ಕುರ್ಚಿಗಳ ಕಾಲುಗಳು ಬರುತ್ತವೆ. ಅವುಗಳಲ್ಲಿ ಒಂದರ ಕೆಳಗೆ ಒಂದು ಜೊತೆ ಚಪ್ಪಲಿ ಅಚ್ಚುಕಟ್ಟಾಗಿ ಕಳಚಿಟ್ಟಿದೆ. ಮಂಟಪಕ್ಕೆ ಹತ್ತುವವರು ಮೊದಲೇ ಕಳಚಿಡುತ್ತಾರಲ್ಲ, ಹಾಗೆ. ಪಕ್ಕದಲ್ಲಿ ಜನಾರ್ದನ ಭಾವನ ಬರಿಗಾಲು, ಎರಡೂ ಹಿಮ್ಮಡಿ ನೆಲದಿಂದ ಮೇಲೆದ್ದಿವೆ. ಯಾರಾದರೂ ಒಬ್ಬರು ‘ಬನ್ನಿ ಭಾವ’ ಎಂದಿದ್ದರೆ ಸಾಕಿತ್ತು. ನನ್ನ ಚಪ್ಪಲಿಗಳು ಆ ಪಾದಗಳ ಒಂದು ಮೊಳ ದೂರದಲ್ಲಿ ಹಾದುಹೋಗುತ್ತವೆ, ನಿಲ್ಲುವುದಿಲ್ಲ. ಅದೇ ಗಳಿಗೆಗೆ ನನ್ನ ಸ್ವರವೂ ದಾಖಲಾಗಿದೆ, ಯಾವ ಡೋಲಿನ ಸದ್ದೂ ಮುಚ್ಚಲಾರದಷ್ಟು ಸ್ಪಷ್ಟವಾಗಿ:

“ಹೋಳಿಗೆ ಬಡಿಸ್ಲಿಕ್ಕೆ ಶುರು ಮಾಡಿದ್ರಾ?”